ಒದ್ದದ್ದು ಅಪ್ಪನಲ್ಲ

ಹಳೇನಗರ, ಭದ್ರಾವತಿ
ಭಾನುವಾರ, ೧೪ ನವೆಂಬರ್ ೧೯೪೩

ಡಾಕ್ಟರ್ ವೆಂಕಟಾಚಲ ಅವರಿಗೆ,

ಮೊದಲು ‘ಪೂಜ್ಯ’ ಎಂದು ಬರೆದಿದ್ದೆ. ಕೈಗೆ ಅಭ್ಯಾಸ. ಆಮೇಲೆ ಹೊಡೆದುಹಾಕಿದೆ. ಆ ಮಸಿ ನಿಮಗೆ ಕಾಣಲಿ ಎಂದೇ ಬೇರೆ ಕಾಗದ ತೆಗೆದುಕೊಳ್ಳಲಿಲ್ಲ. ಇಲ್ಲಿ ನಾವು ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ತಿಳಿಯುವ ಆಸೆ ನನಗೂ ಇಲ್ಲ.

ನಿನ್ನೆ ಮಧ್ಯಾಹ್ನ ಶಿವಮೊಗ್ಗದಿಂದ ಬಂದ ರೈಲಿನಲ್ಲಿ ನಿಮ್ಮ ಎದುರಿಗೆ ಕೂತಿದ್ದ ಬಿಳಿ ಸೀರೆಯ ನರ್ಸು ನಾನು. ನೀವು ನನ್ನನ್ನು ಗುರುತಿಸಲಿಲ್ಲ. ನಾನು ನಿಮ್ಮನ್ನು ಗಾಡಿ ಹತ್ತುವಾಗಲೇ ಗುರುತು ಹಿಡಿದೆ. ತಲೆ ನೆರೆತಿದೆ, ಕೈಗೆ ಬೆತ್ತ ಬಂದಿದೆ. ಆದರೆ ಎದುರಿಗಿದ್ದವರ ಮುಖವನ್ನು ಕಳ್ಳನನ್ನು ನೋಡುವ ಹಾಗೆ ನೋಡುವ ಚಾಳಿ ಹಾಗೇ ಇದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ನಿಮಗೆ ಏನೇನು ಹೇಳಬೇಕೆಂದು ಒಂದೊಂದೇ ಮಾತನ್ನು ಜೋಡಿಸಿಕೊಂಡಿದ್ದೆ. ಹನ್ನೆರಡು ವರ್ಷ ನುಂಗಿಕೊಂಡ ಮಾತುಗಳು. ಭದ್ರಾವತಿ ಬಂತು, ಎದ್ದೆ, ಗಾಡಿ ಜಗ್ಗಿತು, ನನ್ನ ಕಾಲು ನಿಮ್ಮ ಕಾಲಿಗೆ ತಾಗಿತು. ಏನಾಯಿತೆಂದು ತಿಳಿಯುವ ಮೊದಲೇ ನನ್ನ ಕೈ ನಿಮ್ಮನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತ್ತು. ನೀವು, “ಇರ್ಲಿ ಬಿಡಮ್ಮ, ದೇವ್ರು ಒಳ್ಳೇದ್ ಮಾಡ್ಲಿ” ಅಂದಿರಿ. ಜೋಡಿಸಿಕೊಂಡ ಒಂದು ಮಾತನ್ನೂ ಆಡದೆ ನಾನು ಇಳಿದು ಬಂದೆ.

ಹೊನ್ನಯ್ಯ ಅನ್ನುವ ಹೆಸರು ನಿಮಗೆ ನೆನಪಿರಲಾರದು. ೧೯೩೧ರಲ್ಲಿ ಇಲ್ಲಿನ ಒಬ್ಬ ನಾಟಾ ಗುತ್ತಿಗೆದಾರನ ಹತ್ತಿರ ದಿಮ್ಮಿ ಹೊರುತ್ತಿದ್ದ ಆಳು ಅವನು. ನನ್ನ ಅಪ್ಪ. ಒಂದು ದಿನ ಗಾಡಿಯಿಂದ ಇಳಿಸುವಾಗ ಮತ್ತಿ ಮರದ ದಿಮ್ಮಿ ಜಾರಿ ಅವನ ಬೆನ್ನಿಗೆ ಬಡಿಯಿತು. ಹದಿನೈದು ದಿನಕ್ಕೆ ಕಾಲು ಬಿಗಿಯತೊಡಗಿತು, ಹೆಜ್ಜೆ ಎಳೆಯತೊಡಗಿತು. ಇವನು ನಾಟಕ ಆಡುತ್ತಿದ್ದಾನೆಂದು ಗುತ್ತಿಗೆದಾರನಿಗೆ ಗುಮಾನಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ನಿಮ್ಮ ಡಾಕ್ಟರ್ ಷಾಪಿಗೆ ತೋರಿಸಿಕೊಂಡು ಬಾ ಎಂದು ಕಳಿಸಿದ. ಅವ್ವನಿಗೆ ಜ್ವರ. ಅಪ್ಪನ ಊರುಗೋಲಾಗಿ ನಾನು ಬಂದೆ. ಆಗ ನನಗೆ ಹನ್ನೆರಡು ವರ್ಷ.

ನೀವು ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, “ಕಾಲ ಮೇಲೆ ಕಾಲು ಹಾಕ್ಕೊಳ್ಳೋ” ಅಂದಿರಿ. ಅಪ್ಪ ಹುಟ್ಟಿದಾಗಿನಿಂದ ದೊಡ್ಡವರ ಮುಂದೆ ಹಾಗೆ ಕೂತವನಲ್ಲ. “ಬ್ಯಾಡ ಸ್ವಾಮಿ” ಅಂದ. ನೀವು ರೇಗಿ, ನೀವೇ ಅವನ ಕಾಲೆತ್ತಿ ಇನ್ನೊಂದರ ಮೇಲೆ ಹಾಕಿ, ಮಂಡಿ ಚಿಪ್ಪಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ಕುಟ್ಟಿದಿರಿ. ಕಾಲು ಫಟ್ಟನೆ ಚಿಮ್ಮಿ ನಿಮ್ಮ ಕೋಟಿಗೆ ಬಡಿಯಿತು. ಅಪ್ಪ ಬಗ್ಗಿ ನಿಮ್ಮ ಬೂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. “ತಪ್ಪಾಯ್ತು ಸ್ವಾಮಿ, ತಪ್ಪಾಯ್ತು.” ಆಮೇಲೆ ಮಲಗಿಸಿ, ಸುತ್ತಿಗೆಯ ಹಿಡಿಯಿಂದ ಅಂಗಾಲನ್ನು ಗೀರಿದಿರಿ. ಕಾಲು ಮಡಚಿಕೊಂಡು ಹೊಟ್ಟೆಯ ಕಡೆಗೆ ಎಗರಿತು. ಮತ್ತೆ ಅಪ್ಪನದು ಅದೇ ಮಾತು. “ತಪ್ಪಾಯ್ತು ಸ್ವಾಮಿ, ನೀವು ನನ್ ಕಾಲ್ ಮುಟ್ಟಬಾರ್ದು.”

ನೀವು ನಕ್ಕಿರಿ. “ಒದೆಯೋಕೂ ಬರುತ್ತೆ, ಎಳ್ಕೊಳೋಕೂ ಬರುತ್ತೆ. ನಡೆಯೋಕ್ ಮಾತ್ರ ಬರಲ್ವೇನೋ? ತಪ್ಪಾಯ್ತು ಅಂತ ನೀನೇ ಒಪ್ಕೊಂಡೆಯಲ್ಲ” ಅಂದಿರಿ. ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿ ಕೊಟ್ಟಿರಿ. ಅದನ್ನು ಮೇಸ್ತ್ರಿ ಹತ್ತು ಜನ ಆಳುಗಳ ಎದುರಿಗೆ ಕನ್ನಡ ಮಾಡಿ ಹೇಳಿದ: ಕಾಯಿಲೆ ಏನೂ ಇಲ್ಲ, ಮೈಗಳ್ಳ.

ನಿಮ್ಮನ್ನು ಬೈಯಲು ಕೂತವಳು ಇಲ್ಲಿ ಒಂದು ನಿಜವನ್ನೂ ಹೇಳಿಬಿಡುತ್ತೇನೆ. ನಾನು ನಿಮ್ಮನ್ನು ನಂಬಿದೆ. ಕೋಟು ಹಾಕಿದವರು ಹೇಳಿದ್ದು ಸುಳ್ಳಾಗುತ್ತದೆಯೇ? ಒಂದು ಮಧ್ಯಾಹ್ನ ಅಪ್ಪ ಜಗುಲಿಯಲ್ಲಿ ನಿದ್ದೆ ಹೋಗಿದ್ದಾಗ ಪೊರಕೆಯ ಹಂಚಿಕಡ್ಡಿ ತಂದು ಅವನ ಅಂಗಾಲನ್ನು ಗೀರಿದೆ. ಕಾಲು ಎಗರಿತು. “ಅವ್ವಾ, ನೋಡ್ ಬಾ, ಅಪ್ಪನ ಕಾಲ್ ಚೆನ್ನಾಗೇ ಆಡ್ತದೆ” ಎಂದು ಕೂಗಿದೆ. ಅವ್ವ ಬಂದು ನೋಡಿದಳು. ಅವತ್ತು ಅಪ್ಪನಿಗೆ ಗಂಜಿ ಬಡಿಸುವಾಗ ತಟ್ಟೆಯನ್ನು ಕುಕ್ಕಿದಳು. ಮಾರನೆಯ ದಿನ ಅಪ್ಪ ಕೆಲಸಕ್ಕೆ ಹೋದ. ಎರಡು ತಿಂಗಳು ದಿಮ್ಮಿ ಹೊತ್ತ. ಆಮೇಲೆ ಒಂದು ಬೆಳಿಗ್ಗೆ ಕುಸಿದವನು ಮತ್ತೆ ಏಳಲಿಲ್ಲ. ಹನ್ನೆರಡು ವರ್ಷದಿಂದ ಅವ್ವ ಅವನನ್ನು ಎತ್ತಿ ಕೂರಿಸುತ್ತಾಳೆ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಾಳೆ. ಆ ತಟ್ಟೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹೋದ ವರ್ಷ ನಮ್ಮ ಆಸ್ಪತ್ರೆಗೆ ಅಡಿಕೆ ಮರದಿಂದ ಬಿದ್ದವನೊಬ್ಬ ಬಂದ. ನಮ್ಮ ಡಾಕ್ಟರ್ ಈಶ್ವರಮ್ಮನವರು ಅವನ ಮಂಡಿ ಕುಟ್ಟಿದರು. ಕಾಲು ಚಿಮ್ಮಿತು. ಇವನೂ ಮೈಗಳ್ಳನೇ ಎಂದು ಕೇಳಿಬಿಟ್ಟೆ. ಅವರು ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಮಂಡಿಗೆ ಬಿದ್ದ ಪೆಟ್ಟಿನ ಸುದ್ದಿ ತಲೆಯವರೆಗೆ ಹೋಗಿ ಅಪ್ಪಣೆ ಕೇಳುವುದಿಲ್ಲವಂತೆ. ಬೆನ್ನುಹುರಿಯಲ್ಲೇ ತೀರ್ಮಾನವಾಗಿ ಕಾಲಿಗೆ ಹುಕುಂ ಬರುತ್ತದಂತೆ. ಮೈಸೂರಿಗೆ ಅರ್ಜಿ ಹೋಗದೆ ಊರ ಚಾವಡಿಯಲ್ಲೇ ಇತ್ಯರ್ಥವಾಗುವ ಹಾಗೆ. ತಲೆ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಬೆನ್ನುಹುರಿಗೆ ಏಟು ಬಿದ್ದು ತಲೆಯ ದಾರಿ ಕಟ್ಟಿದರೆ ಚಾವಡಿಗೆ ಕೇಳುವವರಿಲ್ಲ, ಕಾಲು ಮೊದಲಿಗಿಂತ ಜೋರಾಗಿ ಚಿಮ್ಮುತ್ತದೆ. ಆ ಮನುಷ್ಯ ತಾನಾಗಿ ಕಾಲ್ಬೆರಳನ್ನೂ ಆಡಿಸಲಾರ, ಆದರೆ ಅಂಗಾಲು ಗೀರಿದರೆ ಇಡೀ ಕಾಲು ಎಗರುತ್ತದೆ. “ಅದು ಶಕ್ತಿ ಅಲ್ಲ ಪುಟ್ಟಲಕ್ಷ್ಮಿ, ಅದೇ ಕಾಯಿಲೆ. ಹೆಬ್ಬೆರಳು ನೋಡು” ಅಂದರು. ಹಿಮ್ಮಡಿಯಿಂದ ಅಂಗಾಲಿನ ಹೊರ ಅಂಚಿನಗುಂಟ ಗೀರಿದರು. ನೆಟ್ಟಗಿರುವವರ ಹೆಬ್ಬೆರಳು ಕೆಳಕ್ಕೆ ಬಾಗಬೇಕು. ಅವನದು ಮೇಲಕ್ಕೆದ್ದು ನಿಂತಿತು. ಬೇಗ ಗುರುತಿಸಿ ಅಲುಗಾಡದಂತೆ ಮಲಗಿಸಿದರೆ ಕೆಲವರ ಕಾಲು ಉಳಿಯುತ್ತದಂತೆ. ಎಲ್ಲರದೂ ಅಲ್ಲ ಎಂದೂ ಅವರು ಹೇಳಿದರು.

ಅಪ್ಪನ ಹೆಬ್ಬೆರಳೂ ಎದ್ದು ನಿಂತಿತ್ತು, ಡಾಕ್ಟರೇ. ಮೂಲೆಯಲ್ಲಿ ನಿಂತಿದ್ದ ನಾನು ಕಂಡಿದ್ದೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು, ಆದರೆ ನೀವು ನೋಡಲಿಲ್ಲ. ನೀವು ಗೀರಿದ್ದು ಕಾಲನ್ನು, ನೋಡುತ್ತಿದ್ದದ್ದು ಅವನ ಮುಖವನ್ನು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರೆ. ನಿಮಗೆ ಬೇಕಾಗಿದ್ದದ್ದು ಕಳ್ಳ, ಸಿಕ್ಕಿದ. ಅವನ ಮರ್ಯಾದೆಯನ್ನೇ ಅವನ ತಪ್ಪೊಪ್ಪಿಗೆ ಎಂದು ಬರೆದುಕೊಂಡಿರಿ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ, ಮನಸ್ಸಿನಲ್ಲೇ ಶಪಿಸಿ ಸುಮ್ಮನಾಗುತ್ತಿದ್ದೆ. ಆದರೆ ಅಪ್ಪ ಬದುಕಿದ್ದಾನೆ. ಇವತ್ತಿಗೂ ಅವನ ನಂಬಿಕೆ ಏನು ಗೊತ್ತೇ? “ದೊಡ್ಡೋರಿಗೆ ಒದ್ದ ಕಾಲು ಕಣವ್ವ, ಬೀಳ್ದೆ ಇರ್ತದಾ?” ಅನ್ನುತ್ತಾನೆ. ದಿಮ್ಮಿಯನ್ನು ದೂರುವುದಿಲ್ಲ, ನಿಮ್ಮನ್ನು ದೂರುವುದಿಲ್ಲ. ಈಶ್ವರಮ್ಮನವರು ಹೇಳಿದ್ದನ್ನೆಲ್ಲ ನಾನು ಹತ್ತು ಸಲ ಹೇಳಿದೆ, ಅವನ ಕಾಲಿನ ಮೇಲೇ ಮಾಡಿ ತೋರಿಸಿದೆ. “ನೀನು ಮಗಳು, ಅಪ್ಪನ ಪರ ಹೇಳ್ತೀಯ” ಎಂದು ನಗುತ್ತಾನೆ. ಅವನಿಗೆ ಈಗಲೂ ನಿಮ್ಮ ಮಾತೇ ವೇದವಾಕ್ಯ. ಎಂಥ ಹಣೆಬರಹ ನೋಡಿ! ನಾನು ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ದ್ವೇಷಿಸುವ ಮನುಷ್ಯನ ಬಾಯಿಂದಲೇ ನನ್ನ ಅಪ್ಪನಿಗೆ ಬಿಡುಗಡೆಯಾಗಬೇಕು.

ಆದ್ದರಿಂದ ನೀವು ಬರಬೇಕು. ಬೇಡಿಕೊಳ್ಳುತ್ತಿಲ್ಲ, ಬನ್ನಿ ಅನ್ನುತ್ತಿದ್ದೇನೆ. ಹಳೇನಗರದಲ್ಲಿ ಹೊನ್ನಯ್ಯನ ಮನೆ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಕಾಲಿಲ್ಲದ ಹೊನ್ನಯ್ಯ ಅಂದರೆ ಇನ್ನೂ ಬೇಗ ಗೊತ್ತಾಗುತ್ತದೆ. ಮಂಡಿ ಕುಟ್ಟುವ ಸುತ್ತಿಗೆಯನ್ನೂ ತನ್ನಿ. ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿರುತ್ತೇನೆ. ಕುಟ್ಟಿ. ಕಾಲು ಚಿಮ್ಮುತ್ತದೆ, ನಿಮಗೆ ತಾಗಲೂಬಹುದು. ಅಪ್ಪ ಕೂಡಲೇ ಕೈ ಮುಗಿದು ತಪ್ಪಾಯ್ತು ಅನ್ನಲು ಬಾಯಿ ತೆರೆಯುತ್ತಾನೆ. ಅವನಿಗಿಂತ ಮುಂಚೆ ನೀವು ಆ ಮಾತು ಹೇಳಬೇಕು.

ರೈಲಿನಲ್ಲಿ ನಾನು ನಿಮ್ಮನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆನಲ್ಲ, ಅದನ್ನು ನಮಸ್ಕಾರವೆಂದು ಇಟ್ಟುಕೊಳ್ಳಬೇಡಿ. ಅದನ್ನು ಮಾಡಿದ್ದು ನನ್ನ ಕೈ, ನಾನಲ್ಲ. ನೀವು ಕೊಟ್ಟ ಆಶೀರ್ವಾದವನ್ನು ಇದೇ ಲಕೋಟೆಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ನಿಮಗೆ ಒಳ್ಳೆಯದಾಗಲಿ ಎಂದು ಬರೆಯುವುದು ನನ್ನಿಂದಾಗದು. ನೀವು ಬಂದು ಹೋಗುವವರೆಗಾದರೂ ನಿಮ್ಮ ಕಾಲು ಗಟ್ಟಿಯಾಗಿರಲಿ.

ಒದೆಯದವನ ಮಗಳು,
ಪುಟ್ಟಲಕ್ಷ್ಮಿ