ಆರು ಟೇಪು, ಹನ್ನೊಂದು ಇಂಚಿನ ಸಂಚು

ಗಡಿ ಸೇತುವೆಯ ರಕ್ಷಣಾ ಪಡೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ರೂಢಿ ಬಿಡಬಾರದೆಂದು ಹಾಗೆ ಕರೆದಿದ್ದೇನೆ, ಹೆಚ್ಚು ಹಿಗ್ಗಬೇಡಿ. ಕಳೆದ ತಿಂಗಳ ಹನ್ನೆರಡನೇ ತಾರೀಖು, ಬೆಳಿಗ್ಗೆ ಹನ್ನೊಂದೂವರೆಗೆ, ನಿಮ್ಮ ಕಾವಲು ಠಾಣೆಯ ಒಳಕೋಣೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬರ ಬಲಗೈಯ ಮೂರು ಬೆರಳುಗಳನ್ನು ನಿಮ್ಮವರು ಮುರಿದರು. ಗೋಡೆಯ ಈಚೆ, ಬೆಂಚಿನ ಮೇಲೆ ಕೂತು ನಾನು ಅದನ್ನು ಕೇಳಿಸಿಕೊಂಡೆ. ನಿಮ್ಮ ಕಚೇರಿ ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯಲ್ಲಿ 'ಮೆಟ್ಟಿಲಿನಿಂದ ಜಾರಿ ಬಿದ್ದು ಗಾಯ' ಎಂದಿದೆ. ನಿಮ್ಮ ಠಾಣೆಗೆ ಇರುವುದೇ ಎರಡು ಮೆಟ್ಟಿಲು. ಮಂಡಿ ತರಚದೆ, ಮೊಣಕೈಗೆ ಸೋಕದೆ, ಬರೆಯುವ ಕೈಯ ಮೂರು ಬೆರಳನ್ನಷ್ಟೇ ಹುಡುಕಿ ಮುರಿಯುವಷ್ಟು ತಿಳಿವಳಿಕೆಯಿರುವ ಮೆಟ್ಟಿಲನ್ನು ಕಟ್ಟಿದ ಆ ಮೇಸ್ತ್ರಿ ಯಾರು ಸ್ವಾಮಿ? ಅವನಿಗೊಂದು ಪದಕ ಕೊಡಿಸೋಣ.

ನಾನು ಪೌರನೀತಿ ಕಲಿಸುವವಳು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟವರಿಗೆ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಹತ್ತನೇ ತರಗತಿಯ ಪಾಠ ಹೇಳುತ್ತೇನೆ. ಈ ವರ್ಷ ಒಂಬತ್ತು ಜನ. ಅವರಲ್ಲೊಬ್ಬರು ಟೈಲರಕ್ಕ. ವಯಸ್ಸು ನಲವತ್ತೇಳು, ನನಗಿಂತ ಆರು ವರ್ಷ ಹಿರಿಯರು. ನಾನು ಅವರನ್ನು ಅಕ್ಕಾ ಎನ್ನುತ್ತೇನೆ, ಅವರು ನನ್ನನ್ನು ಮೇಡಂ ಎನ್ನುತ್ತಾರೆ. ಕುತ್ತಿಗೆಗೆ ಹಳದಿ ಟೇಪು ಸುತ್ತಿಕೊಂಡೇ ತರಗತಿಗೆ ಬರುವ ಹೆಂಗಸು. ಮೂಲಭೂತ ಹಕ್ಕುಗಳ ಪಾಠ ಶುರು ಮಾಡಿದ ದಿನ ಕೈಯೆತ್ತಿ, "ಮೇಡಂ, ಇವು ರೆಡಿಮೇಡಾ, ಇಲ್ಲಾ ಅಳತೆ ಕೊಟ್ಟು ಹೊಲಿಸ್ಕೋಬೇಕಾ?" ಎಂದು ಕೇಳಿದ್ದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಹೆಣ್ಣುಮಕ್ಕಳ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಕೆಲಸವೊಂದು ಅವರಿಗಾಗಿ ಕಾದಿತ್ತು. ಬೇಕಾಗಿದ್ದದ್ದು ಹತ್ತನೇ ತರಗತಿ ಪಾಸಾದ ಒಂದು ಕಾಗದ ಮಾತ್ರ. ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ ಉಳಿದಿದೆ.

'ರಾಷ್ಟ್ರೀಯ ಮೂಲಸೌಕರ್ಯ' ಎಂಬ ಪಾಠಕ್ಕೆ ನಾನು ಹನ್ನೊಂದು ವರ್ಷಗಳಿಂದ ತರಗತಿಯನ್ನು ನಿಮ್ಮ ಸೇತುವೆಗೆ ಕರೆದೊಯ್ಯುತ್ತಿದ್ದೇನೆ. ಕೈಯಿಂದ ಮುಟ್ಟದ್ದು ತಲೆಗೆ ಹೋಗುವುದಿಲ್ಲ ಎಂಬುದು ನನ್ನ ಹಟ. ಏಳು ಪ್ರಶ್ನೆಗಳ ಹಾಳೆಯೊಂದನ್ನು ನಾನೇ ಕೈಯಿಂದ ಬರೆದು, ಜೆರಾಕ್ಸ್ ಮಾಡಿಸಿ ಹಂಚುತ್ತೇನೆ. ನಾಲ್ಕನೆಯದು: 'ಸೇತುವೆಯ ಯಾವುದಾದರೂ ಒಂದು ಭಾಗವನ್ನು ಅಳೆದು ಬರೆಯಿರಿ.' ಐದನೆಯದು: 'ಎರಡು ದೇಶಗಳ ಒಪ್ಪಂದದ ಕಲ್ಲಿನಲ್ಲಿ ಏನಿದೆ ನೋಡಿ ಬರೆಯಿರಿ.' ಏಳನೆಯದು: 'ಈ ಸೇತುವೆಯ ಒಡೆಯರು ಯಾರು?' ಉಳಿದವರೆಲ್ಲ ಎಂದಿನಂತೆ ಹೆಜ್ಜೆ ಹಾಕಿ ಕಾಲುದಾರಿಯ ಉದ್ದ ಎಣಿಸಿದರು. ಟೈಲರಕ್ಕ ಕಲ್ಲಿನ ಬರಹವನ್ನು ಮೊದಲೇ ಇಳಿಸಿಕೊಂಡಿದ್ದರು, ಹೆಜ್ಜೆಯ ಲೆಕ್ಕ ಮಾತ್ರ ಅವರಿಗೆ ಒಗ್ಗಲಿಲ್ಲ. "ಹೆಜ್ಜೆ ಅಳತೆಗೆ ಬ್ಲೌಸ್ ಹೊಲಿಯೋಕಾಗುತ್ತಾ ಮೇಡಂ?" ಎಂದು ದಡಕ್ಕಿಳಿದು, ನಮ್ಮ ತರಗತಿಯವರೇ ಆದ ಹಾಲು ಹಾಕುವ ಅಣ್ಣನ ಕೈಗೆ ಟೇಪಿನ ಒಂದು ತುದಿ ಕೊಟ್ಟು, ಮೊದಲ ಕಂಬವನ್ನು ಸುತ್ತು ಹಾಕಿದರು. ಮೂವತ್ತು ವರ್ಷದ ಅಭ್ಯಾಸ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದೂ ಹಾಗೆಯೇ: 'ಸೊಂಟ – ಆರು ಟೇಪು, ಹನ್ನೊಂದು ಇಂಚು.'

ಅಷ್ಟರಲ್ಲಿ ಶಿಳ್ಳೆ ಕೇಳಿಸಿತು. ನಿಮ್ಮ ಮೂವರು ಇಳಿಜಾರಿನಲ್ಲಿ ಓಡಿಬಂದರು. ಹಗ್ಗ ಕಂಡು ಹಾವೆಂದು ಬೆದರಿದವರನ್ನು ನೋಡಿದ್ದೇನೆ. ಹೊಲಿಗೆಯ ಟೇಪು ಕಂಡು ಬಂದೂಕು ಎತ್ತಿದವರನ್ನು ಅವತ್ತೇ ನೋಡಿದ್ದು. ಒಬ್ಬ ಹಾಲಿನಣ್ಣನ ಬೆನ್ನಿಗೆ ಬಂದೂಕಿನ ಹಿಂಬದಿಯಿಂದ ಗುದ್ದಿದ. ಅವರು ಮುಖಾಡೆ ಬಿದ್ದರು, ಮುಂದಿನ ಹಲ್ಲೊಂದು ಕಲ್ಲಿಗೆ ತಗುಲಿ ಮುರಿಯಿತು. ಇನ್ನೊಬ್ಬ ಟೈಲರಕ್ಕನ ಕುತ್ತಿಗೆಗೆ ಅದೇ ಟೇಪು ಬಿಗಿದು, ದನ ಎಳೆದ ಹಾಗೆ ದಡದ ಮೇಲಕ್ಕೆ ಎಳೆದ. "ಅಯ್ಯೋ, ಉಸಿರು, ಉಸಿರು" ಎಂದರು ಅವರು. ಚಪ್ಪಲಿಗಳು ಕೆಸರಿನಲ್ಲೇ ಉಳಿದವು. ಅವರನ್ನು ಠಾಣೆಯ ಒಳಕೋಣೆಗೆ ತಳ್ಳಿ, ಹಿಂದೆಯೇ ಓಡಿಬಂದ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

ಒಳಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಗಮನಿಸಿದ್ದೀರಾ? ಕೆಳಗೆ ಉಜ್ಜುತ್ತದೆ. ಹಾಗಾಗಿ ನನಗೆ ಎಲ್ಲವೂ ಕೇಳಿಸಿತು. ನಿಮ್ಮ ಠಾಣೆಯ ಮೇಲ್ವಿಚಾರಕ, ಕನ್ನಡಕದವನು, ನೋಟ್‌ಬುಕ್ ಓದಿದ. "ಯಾರೇ ಇವಳು, ಆರು ಟೇಪು ಸೊಂಟದವಳು? ಯಾವ ಗುಪ್ತ ಭಾಷೆನೇ ಇದು?"

"ಕಂಬ ಸಾರ್. ಅಳತೆ."

"ಯಾರು ಕಳಿಸಿದ್ದು?"

"ಪಾಠ ಸಾರ್. ನಾಲ್ಕನೇ ಪ್ರಶ್ನೆ."

ಕೆನ್ನೆಗೆ ಬಿದ್ದ ಏಟಿನ ಸದ್ದು ಬಂತು. ಅಕ್ಕ, ತರಗತಿಯಲ್ಲಿ ಉತ್ತರ ಹೇಳುವಷ್ಟೇ ನಿಧಾನವಾಗಿ ಹೇಳಿದರು: "ಕಾರಣ ಹೇಳದೆ ಹಿಡಿಯೋ ಹಾಗಿಲ್ಲ ಸಾರ್. ಹೊಡಿಯೋ ಹಾಗೂ ಇಲ್ಲ. ಮೇಡಂ ಹೇಳಿಕೊಟ್ಟಿದ್ದಾರೆ. ನಮ್ಮ ದೇಶ ಸಹಿ ಬೇರೆ ಹಾಕಿದೆ."

ಒಳಗೆ ನಗು ಎದ್ದಿತು. ಮೂರು ಗಂಡಸರ ನಗು.

"ಸೇತುವೆ ಏನು ನಿಮ್ಮಪ್ಪಂದೇನೇ, ಅಳತೆ ತಗೊಳ್ಳೋಕೆ?"

"ನಮ್ಮೆಲ್ಲರದ್ದಲ್ವಾ ಸಾರ್?"

ಆಗ ಅವನು ಕೇಳಿದ: "ಬರೆಯೋ ಕೈ ಯಾವುದು?"

ಸಹಿ ಹಾಕಿಸಿಕೊಂಡು ಬಿಟ್ಟುಬಿಡುತ್ತಾರೆ ಅಂದುಕೊಂಡರಂತೆ ಅಕ್ಕ. ಬಲಗೈಯನ್ನು ತಾವೇ ಮೇಜಿನ ಮೇಲೆ ಚಾಚಿದರಂತೆ, ಸರ್. ಆ ಮೇಲೆ ಕೇಳಿದ್ದು ರೂಲುದೊಣ್ಣೆಯ ಏಟು. ಒಂದು. ಎರಡು. ಮೂರನೆಯದಕ್ಕೆ ಅವರ ಕೂಗು ಮನುಷ್ಯರ ಕೂಗಿನ ಹಾಗಿರಲಿಲ್ಲ. ಆಮೇಲೂ ಏಟು ಬಿದ್ದವು, ಎಲ್ಲಿಗೆ ಬಿದ್ದವೋ ಗೋಡೆಯ ಈಚೆಯಿಂದ ಗೊತ್ತಾಗಲಿಲ್ಲ. ಅವರ ಬೆನ್ನನ್ನು ಆಸ್ಪತ್ರೆಯಲ್ಲಿ ನೋಡಿದಾಗ ಗೊತ್ತಾಯಿತು. ಆ ದೊಣ್ಣೆ ನನ್ನ ಕೈಗೆ ಸಿಕ್ಕಿದ್ದರೆ ಆ ಕನ್ನಡಕದವನ ಬೆರಳುಗಳನ್ನು ನಾನೂ ಎಣಿಸಿ ಮುರಿಯುತ್ತಿದ್ದೆ. ಸಂವಿಧಾನ ಕಲಿಸುವವಳ ಬಾಯಲ್ಲಿ ಇಂಥ ಮಾತೇ ಎನ್ನುತ್ತೀರೇನೋ. ನನ್ನ ಬಾಯಿಗೆ ಈ ಮಾತು ತಂದವರು ನೀವು.

ಈಗ ನಿಮ್ಮ ದಾಖಲೆಯ ಮಾತು. 'ರಾಷ್ಟ್ರೀಯ ಮೂಲಸೌಕರ್ಯವನ್ನು ಧ್ವಂಸ ಮಾಡುವ ಸಂಚು' ಎಂದು ಮೊಕದ್ದಮೆ ಹೂಡಿದ್ದೀರಿ. ಎತ್ತು ಈಯಿತು ಎಂದವನೊಬ್ಬ, ಕೊಟ್ಟಿಗೆಗೆ ಕಟ್ಟು ಎಂದವನೊಬ್ಬ: ಕೆಳಗಿನವನು ಗುಪ್ತ ಭಾಷೆ ಎಂದ, ಮೇಲಿನವರಾದ ನೀವು ರುಜು ಹಾಕಿದಿರಿ. ನಿಮ್ಮ ಫಲಕದಲ್ಲಿ ಫೋಟೋ ತೆಗೆಯಬಾರದು ಎಂದಿದೆ, ನಾವು ತೆಗೆಯಲಿಲ್ಲ. ಅಳೆಯಬಾರದು ಎಂದು ಎಲ್ಲಿ ಬರೆದಿದ್ದೀರಿ? ಅಷ್ಟಕ್ಕೂ ಆ ಕಂಬದ ಸುತ್ತಳತೆ ನಿಮ್ಮ ಇಲಾಖೆಯೇ ಮಾರುವ ಪರಿಚಯ ಪುಸ್ತಕದಲ್ಲಿ, ಚಿತ್ರದ ಸಮೇತ ಅಚ್ಚಾಗಿದೆ. ಹಾಗಾದರೆ ಸಂಚುಗಾರರ ಪಟ್ಟಿಯಲ್ಲಿ ನಿಮ್ಮ ಮುದ್ರಣ ವಿಭಾಗ ಎಷ್ಟನೆಯದು? ಬಂಧಿತರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನ ಹೇಳುತ್ತದೆ. ನೀವು ನಿಲ್ಲಿಸಿದ್ದು ಮೂರನೆಯ ದಿನ, ಕೈ ಊದಿ ಹೆಬ್ಬೆರಳು ಯಾವುದು ತೋರುಬೆರಳು ಯಾವುದು ತಿಳಿಯದಂತಾದ ಮೇಲೆ. ಜಾಮೀನು ಸಿಕ್ಕಿತು. ಬೆರಳುಗಳು ಸಿಗಲಿಲ್ಲ. ಆ ಕೈ ಇನ್ನು ಕತ್ತರಿ ಹಿಡಿಯುವುದು ಅನುಮಾನ ಎಂದು ಮೂಳೆ ಡಾಕ್ಟರು ಅವರ ಮಗಳನ್ನು ಹೊರಗೆ ಕರೆದು ಹೇಳಿದ್ದಾರೆ.

ಒಪ್ಪಂದಗಳ ವಿಷಯಕ್ಕೆ ಬರೋಣ. ಚಿತ್ರಹಿಂಸೆ ಮಾಡುವುದಿಲ್ಲ ಎಂದು ನಮ್ಮ ದೇಶ ಜಗತ್ತಿನೆದುರು ಸಹಿ ಹಾಕಿದೆ. ನಮ್ಮ ಪುಸ್ತಕದ ಹನ್ನೊಂದನೇ ಪಾಠದಲ್ಲಿ ಅದರ ಇಸವಿಯೂ ಇದೆ, ಶಾಲೆಯ ಮಕ್ಕಳೂ ಬಾಯಿಪಾಠ ಮಾಡುತ್ತಾರೆ. ಆ ಪಾಠ ಮಾಡಿದ ದಿನ ಟೈಲರಕ್ಕ ಕೇಳಿದ್ದರು, "ಮೇಡಂ, ಮೇಲೆ ದೊಡ್ಡವರು ಸಹಿ ಹಾಕಿದ್ದು ಕೆಳಗಿನ ಪೊಲೀಸರಿಗೆ ಗೊತ್ತಿರುತ್ತಾ? ನಮ್ಮ ಅಂಗಡೀಲಿ ನಾನು ಒಪ್ಪಿಕೊಂಡ ಅಳತೆ ಎಷ್ಟೋ ಸಲ ಹೊಲಿಯೋ ಹುಡುಗಿಗೆ ತಲುಪಿರಲ್ಲ." ನಾನು ದೊಡ್ಡದಾಗಿ, "ಎಲ್ಲರಿಗೂ ಅನ್ವಯಿಸುತ್ತೆ ಅಕ್ಕಾ" ಎಂದೆ. ಅದನ್ನೇ ನಂಬಿ ಅವರು ನಿಮ್ಮ ಮೇಜಿನ ಮುಂದೆ ಹೇಳಿದ್ದು. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂಬ ಗಾದೆಯನ್ನಾದರೂ ನಾನು ಪಾಠದ ಜೊತೆ ಕಲಿಸಿದ್ದರೆ ಅವರು ಸುಮ್ಮನಿರುತ್ತಿದ್ದರು. ಸೇತುವೆಯ ಬಾಯಲ್ಲಿರುವ ಕಲ್ಲನ್ನು ನೀವು ದಿನವೂ ದಾಟಿ ಬರುತ್ತೀರಲ್ಲ, ಒಮ್ಮೆ ನಿಂತು ಓದಿ: 'ಎರಡೂ ದೇಶಗಳ ಜನರ ಸ್ನೇಹಕ್ಕಾಗಿ, ಜನರಿಂದ.' ಟೈಲರಕ್ಕ ಅದನ್ನು ಒಂದು ಒತ್ತಕ್ಷರವೂ ತಪ್ಪದಂತೆ ನಕಲು ಮಾಡಿದ್ದರು. ಆ ಪುಟವೂ ಈಗ ನಿಮ್ಮ ಬಳಿ ಸಾಕ್ಷ್ಯವಾಗಿ ಮುದ್ರೆ ಹಾಕಿಸಿಕೊಂಡು ಕೂತಿದೆ.

ಇಷ್ಟೆಲ್ಲ ಹೇಳುವ ನೀನು ಆಗ ಏನು ಮಾಡುತ್ತಿದ್ದೆ ತಾಯಿ, ಎಂದು ಕೇಳಿ. ಯಾರೂ ಕೇಳಿಲ್ಲ, ಅದಕ್ಕೇ ಹೇಳುತ್ತೇನೆ. ಏಟುಗಳೆಲ್ಲ ನಿಂತ ಮೇಲೆ ಆ ಕನ್ನಡಕದವನು ಹೊರಗೆ ಬಂದ. ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತಿದ್ದ. ನನ್ನೊಡನೆ ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಮೇಡಂ, ಅಳೆಯೋಕೆ ನೀವು ಹೇಳಿದ್ರಾ?" ನನ್ನ ಚೀಲದಲ್ಲಿ ಪ್ರಶ್ನೆಯ ಹಾಳೆಗಳು ಇನ್ನೂ ನಾಲ್ಕಿದ್ದವು, ನನ್ನದೇ ಅಕ್ಷರ. ಅವನ ಬೆರಳ ಸಂದಿಯಲ್ಲಿ ರಕ್ತವಿತ್ತು. ನಾನು, "ಇಲ್ಲ, ನೋಡಿ ಅಂತಷ್ಟೇ ಹೇಳಿದ್ದೆ" ಎಂದೆ. ಅವನು ಕಾಗದ ಚಾಚಿದ. 'ಸದರಿ ಮಹಿಳೆಯು ಸ್ವಇಚ್ಛೆಯಿಂದ ಅಳತೆ ಮಾಡಿದ್ದು, ಶಿಕ್ಷಕಿಗೆ ಸಂಬಂಧವಿರುವುದಿಲ್ಲ.' ನಾನು ಸಹಿ ಹಾಕಿದೆ. ಐದು ಬೆರಳೂ ನೆಟ್ಟಗಿದ್ದ ಕೈಯಿಂದ ಹಾಕಿದೆ. ನಿಮ್ಮ ಮೊಕದ್ದಮೆ ನಿಂತಿರುವುದು ಆ ಒಂದು ಸಹಿಯ ಮೇಲೆ ಎಂದು ಅಕ್ಕನ ವಕೀಲರು ಹೇಳುತ್ತಾರೆ. ಥೂ ನನ್ನ ಜನ್ಮಕ್ಕೆ!

ಕಳೆದ ಸೋಮವಾರ ಟೈಲರಕ್ಕ ತರಗತಿಗೆ ಬಂದರು. ಬಲಗೈಗೆ ಪ್ಲಾಸ್ಟರು, ಕುತ್ತಿಗೆಯಲ್ಲಿ ಟೇಪಿಲ್ಲ, ಅದರ ಜಾಗದಲ್ಲಿ ಕೆಂಪು ಗೀರು. ನನ್ನ ಸಹಿಯ ವಿಷಯ ಅವರಿಗೆ ಗೊತ್ತಿತ್ತು. ಆದರೂ ಎಂದಿನ ಜಾಗದಲ್ಲೇ ಕೂತರು. "ಮೇಡಂ, ಆರು ಮುಗಿಸಿದ್ದೆ, ಏಳನೇದು ಬಾಕಿ ಇತ್ತು. ಇನ್ನೊಂದು ಹಾಳೆ ಕೊಡಿ" ಎಂದರು. ಎಡಗೈಯಲ್ಲಿ ಪೆನ್ನು ಹಿಡಿದು, ಮುಕ್ಕಾಲು ಗಂಟೆ ಬರೆದರು. ಈ ಸೇತುವೆಯ ಒಡೆಯರು ಯಾರು ಎಂಬ ಪ್ರಶ್ನೆಗೆ ಅವರ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ: 'ಪುಸ್ತಕದಲ್ಲಿ ನಾವು ಅಂತ ಇದೆ. ಠಾಣೆಯಲ್ಲಿ ಕೇಳಿದೆ. ಅಲ್ಲ ಅಂತ ಹೊಡೆದರು. ಪರೀಕ್ಷೆಗೆ ಎರಡರಲ್ಲಿ ಯಾವುದು ಬರೆಯಬೇಕು?'

ಹನ್ನೊಂದು ವರ್ಷ ಪಾಠ ಹೇಳಿದ ನಾನು ಆ ಹಾಳೆಗೆ ಅಂಕ ಹಾಕದೆ ಬಿಟ್ಟಿದ್ದೇನೆ. ಹಾಗಾಗಿ ನಿಮಗೆ ಕಳಿಸುತ್ತಿದ್ದೇನೆ, ಮೌಲ್ಯಮಾಪನ ನೀವು ಮಾಡಿ. ನನ್ನ ಬೇಡಿಕೆ ಇಷ್ಟು. ಆ ದಿನ ನಾನು ಕೊಟ್ಟ ಹೇಳಿಕೆ ಸುಳ್ಳು, ಅದನ್ನು ಈ ಬಹಿರಂಗ ಪತ್ರದ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಅಳೆಯಲು ಹೇಳಿದವಳು ನಾನು. ಪ್ರಶ್ನೆಯ ಹಾಳೆ ಇದರ ಜೊತೆಗಿದೆ, ಅಕ್ಷರ ತಾಳೆ ನೋಡಿಕೊಳ್ಳಿ. ಅಳೆದದ್ದು ಅಪರಾಧವಾದರೆ ಮೊದಲ ಆರೋಪಿ ನಾನು, ಅಲ್ಲವಾದರೆ ಮೊಕದ್ದಮೆ ಕಿತ್ತುಹಾಕಿ ಒಳಕೋಣೆಯ ಆ ಮೂವರನ್ನು ಕಟಕಟೆಗೆ ಹತ್ತಿಸಿ. ಅಕ್ಕನ ಟೇಪನ್ನೂ ನೋಟ್‌ಬುಕ್ಕನ್ನೂ ಪರೀಕ್ಷೆಗೆ ಮುಂಚೆ ವಾಪಸ್ ಕಳಿಸಿ. ನಾಳೆ ಬೆಳಿಗ್ಗೆ ಹನ್ನೊಂದೂವರೆಗೆ ನಿಮ್ಮ ಠಾಣೆಯ ಅದೇ ಬೆಂಚಿನ ಮೇಲೆ ಬಂದು ಕೂರುತ್ತೇನೆ. ಕೇಳುವ ಮೊದಲೇ ಹೇಳಿಬಿಡುತ್ತೇನೆ, ನಾನು ಬರೆಯುವುದೂ ಬಲಗೈಯಲ್ಲೇ.

ಇಂತಿ,
ಏಳು ಪ್ರಶ್ನೆ ಬರೆದು, ತನ್ನನ್ನು ಕೇಳಿದ ಒಂದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ
ಪೌರನೀತಿ ಟೀಚರ್