ಮರಳದಿಬ್ಬದ ಹುತಾತ್ಮ

ಬಂದರು ಕಚೇರಿಯ ವಸತಿ, ಮೂರನೇ ಮನೆ
೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಈ ಊರಿಗೆ ಚರಿತ್ರೆ ಇಲ್ಲ, ಬರೀ ಬಾಡಿಗೆದಾರರಿದ್ದಾರೆ ಎಂದೋ ಏನೋ ಅಂದಿದ್ದೆಯಲ್ಲ, ದಕ್ಷಿಣದ ರಾಜಧಾನಿಗೆ ಹೊರಟ ದಿನ, ಟ್ರಂಕಿನ ಮೇಲೆ ಕೂತು ಮುಚ್ಚಳ ಒತ್ತುತ್ತಾ. ನಿನ್ನ ಮಂಡಿನೋವು ಹೇಗಿದೆ? ಅಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ. ನನಗೇನು ಗೊತ್ತು ಎಂದರೆ ಮುಖ ತಿರುಗಿಸುತ್ತಾಳೆ. ಅವಳ ಕಣ್ಣು ಪೂರ್ತಿ ಮಂಜಾಗಿದೆ. ಪತ್ರಗಳನ್ನೆಲ್ಲ ನಾನೇ ಓದಿ ಹೇಳಬೇಕು.

ಇಲ್ಲಿ ಈಗ ಮತ್ತೆ ನಿಮ್ಮ ದಕ್ಷಿಣದವರ ರಾಜ್ಯ. ಬಂದವರೇ ಬಾವುಟ ಬದಲಾಯಿಸಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಉತ್ತರದವರು ಬಂದಾಗ ಒಂದು ಗಂಟೆ ಮುಂದಕ್ಕೆ. ಅಮ್ಮನ ಆಯುಸ್ಸಿನಲ್ಲೇ ಇದು ಆರನೇ ಸಲ. ಊರಿನ ಚರಿತ್ರೆಯನ್ನು ಟೈಪ್ ಮಾಡುವ ಕೆಲಸ ನನ್ನದು. ಉತ್ತರದವರಿಗೂ ನಾನೇ ಮಾಡಿಕೊಟ್ಟಿದ್ದೆ. ಹಳೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು ‘ವಿಮೋಚನೆ’ ಇದ್ದಲ್ಲಿ ‘ಆಕ್ರಮಣ’ ಹಾಕುತ್ತೇನೆ, ‘ಆಕ್ರಮಣ’ ಇದ್ದಲ್ಲಿ ‘ವಿಮೋಚನೆ’. ಪುಟಗಳ ಸಂಖ್ಯೆ ಕೂಡ ಬದಲಾಗುವುದಿಲ್ಲ. ಊರಿನವರೇನು ಕಡಿಮೆಯೇ? ಎದುರುಮನೆಯ ದರ್ಜಿ ಒಂದೇ ಬಟ್ಟೆಯ ಎರಡು ಮಗ್ಗುಲಿಗೆ ಎರಡು ದೇಶದ ಬಾವುಟ ಹೊಲಿದು, ‘ದಾರ ಉಳೀತು ನೋಡಕ್ಕಾ’ ಎಂದು ಹಲ್ಲು ಕಿರಿಯುತ್ತಾನೆ.

ಈ ಸಲದ ಚರಿತ್ರೆಯಲ್ಲಿ ಅಪ್ಪನೂ ಇದ್ದಾರೆ. ಮರಳದಿಬ್ಬ ತಪ್ಪಿಸಿ ಹಡಗುಗಳನ್ನು ಒಳತರುತ್ತಿದ್ದ ಪೈಲಟ್ ಆಗಿ ಅಲ್ಲ, ವೀರನಾಗಿ. ಉತ್ತರದವರು ಗಡಿಯಾರ ತಿರುಗಿಸಿದ ಮರುದಿನ ಅಪ್ಪ ಉಬ್ಬರದ ಹಳೆಯ ಪಟ್ಟಿಯನ್ನು ತಿದ್ದಿಕೊಳ್ಳಲು ಮರೆತರು, ಆದದ್ದು ಅಷ್ಟೇ. ಪಟ್ಟಿಯ ಹತ್ತು ಗಂಟೆ ಹೊಸ ಗಡಿಯಾರದಲ್ಲಿ ಹನ್ನೊಂದು. ಅಪ್ಪ ಹತ್ತಕ್ಕೇ ಉತ್ತರದವರ ಹಡಗು ತಂದರು. ನೀರು ಸಾಲದೆ ಅದು ದಿಬ್ಬಕ್ಕೆ ಬಡಿದು ಮಗುಚಿತು. ಹನ್ನೊಂದು ನಾವಿಕರು ಸತ್ತರು. ಅದೇ ವಾರ ನೀನು ಹೊರಟೆ, ಹಾಗಾಗಿ ಮುಂದಿನದು ನಿನಗೆ ತಿಳಿಯದು. ಉತ್ತರದವರ ಜೈಲಿನಿಂದ ಬಂದ ಮೇಲೆ ಅಪ್ಪ ಆ ಹನ್ನೊಂದು ಹೆಸರುಗಳನ್ನು, ನಮ್ಮ ನಾಲಿಗೆ ತಿರುಗದ ಹೆಸರುಗಳನ್ನು, ಸಾಯುವವರೆಗೂ ದಿನಾ ಗಡ್ಡ ಹೆರೆಯುವಾಗ ಗೊಣಗುತ್ತಿದ್ದರು. ಒಂದು ಬಿಟ್ಟುಹೋದರೆ ಮತ್ತೆ ಮೊದಲಿನಿಂದ.

ಈಗ ಶತ್ರುವಿನ ಹಡಗನ್ನು ಬೇಕೆಂದೇ ಮುಳುಗಿಸಿದವರೆಂದು ಬಂದರಿನ ಧಕ್ಕೆಯಲ್ಲಿ ಅವರ ಹೆಸರಿನ ಕಲ್ಲು ನಿಲ್ಲಿಸುತ್ತಾರಂತೆ. ಅದಕ್ಕೆ ಮನೆಯವರ ಹೇಳಿಕೆ ಬೇಕು. ಮೊನ್ನೆ ಅಧಿಕಾರಿ ಬಂದಾಗ ಅಮ್ಮ, ‘ನಮ್ಮನೆಯವರು ಮರೆತರು ಕಣಪ್ಪಾ, ಮರೆಯೋದೂ ಶೌರ್ಯವಾ?’ ಎಂದಳು. ‘ಅಜ್ಜಿ ದಣಿದಿದ್ದಾರೆ’ ಎಂದು ಅವನು ನನ್ನ ಕಡೆ ತಿರುಗಿದ. ವೀರನ ಮನೆಯಲ್ಲದಿದ್ದರೆ ಈ ವಸತಿ ಬಿಡಬೇಕಾದೀತು ಎಂದೂ ನಯವಾಗಿ ಹೇಳಿದ. ನಾನೂ ಹೇಳಿಕೆ ಕೊಡಲಿಲ್ಲ. ಅಮ್ಮ ಅವತ್ತೇ ಪಾತ್ರೆಗಳನ್ನು ಮೂಟೆ ಕಟ್ಟಿಸಿದಳು. ‘ಕೊಲೆಗಾರನ ಹೆಂಡತಿಯಾಗಿ ಇಲ್ಲಿರೋದಕ್ಕಿಂತ ಬೀದಿ ವಾಸಿ’ ಅಂದಳು.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಮಕ್ಕಳ ತಲೆ ಮುಟ್ಟಿದೆ ಅಂತ ಬರಿ ಎನ್ನುತ್ತಿದ್ದಾಳೆ ಅಮ್ಮ.

ನಿನ್ನ ತಂಗಿ

ತಾ.ಕ.: ಈಗಷ್ಟೇ ಆ ಅಧಿಕಾರಿ ಟೈಪ್ ಮಾಡಲು ಒಂದು ಹಾಳೆ ಕೊಟ್ಟುಹೋದ. ಮನೆಯವರ ಹೇಳಿಕೆ ರಾಜಧಾನಿಯಲ್ಲೇ ಸಿಕ್ಕಿತಂತೆ. ಅಕ್ಷರ ನಿನ್ನದು, ಸಹಿಯೂ. ‘ದೊಡ್ಡವನ ಕಾಗದಾನಾ? ಓದೇ’ ಎಂದು ಅಮ್ಮ ನನ್ನ ಪಕ್ಕದಲ್ಲೇ ಬಂದು ಕೂತಿದ್ದಾಳೆ. ಆ ಹನ್ನೊಂದು ಜನರನ್ನು ಅಪ್ಪ ಬೇಕೆಂದೇ ಕೊಂದರು ಎಂದು ನೀನು ಬರೆದಿರುವುದನ್ನು ಅವಳಿಗೆ ಯಾವ ದನಿಯಲ್ಲಿ ಓದಲಿ, ಅಣ್ಣಾ?