ಸೀತಾಫಲದ ಬೀಜವೂ ನಾನು ನುಂಗಿದ ಮಾತೂ

ನನ್ನ ದೊಡ್ಡನೆಕ್ಕುಂದಿ ಅಜ್ಜಿಗೆ,

ಇವತ್ತು ಬೆಳಿಗ್ಗೆ ರಾಗಿ ತೆಗೆಯಲು ಮಡಕೆಯೊಳಗೆ ಕೈ ಹಾಕಿದೆ. ಬೆರಳು ಮೆತ್ತಗೆ ಒಂದು ಹಣ್ಣಿನೊಳಕ್ಕೆ ಇಳಿಯಿತು. ಅಮ್ಮ ಮಾಗಲೆಂದು ಹುಗಿದಿಟ್ಟು ಮರೆತಿದ್ದ ಸೀತಾಫಲ. ಬಿಳಿಯ ತಿರುಳಿಗೆ ರಾಗಿ ಕಾಳು ಅಂಟಿಕೊಂಡಿತ್ತು. ಕೈ ತೊಳೆಯದೆ ಹಾಗೇ ನಿಂತಿದ್ದೆ. ನೀನು ಹೋಗಿ ಒಂದು ವರ್ಷವಾಯಿತು. ನಿನಗೆ ಹೇಳಬೇಕಾಗಿದ್ದ ಮಾತು ಅದಕ್ಕಿಂತ ಹಳೆಯದು.

ಹಣ್ಣಿನ ಕಾಲ ಬಂತೆಂದರೆ ನೀನು ಗಾಡಿಯಲ್ಲಿ ಬುಟ್ಟಿಗಳ ಸಮೇತ ಹಲಸೂರಿನ ನಮ್ಮ ಮನೆಗೆ ಬಂದಿಳಿಯುತ್ತಿದ್ದೆ. ಬೆಳಗಾಗುವ ಹೊತ್ತಿಗೆ ರಸೆಲ್ ಮಾರುಕಟ್ಟೆಯಲ್ಲಿರುತ್ತಿದ್ದೆ. ತಮಿಳು ಹೆಂಗಸರಿಗೆ ಸೀತಾಪಳಂ, ಮುಸ್ಲಿಂ ಹೆಂಗಸರಿಗೆ ಶರೀಫಾ, ದೊರೆಸಾನಿಗಳ ಬಟ್ಲರನಿಗೆ ಕಸ್ಟರ್ಡ್ ಆಪಲ್. ಓದು ಬರದ ನಿನಗೆ ಆ ಹೆಸರುಗಳೆಲ್ಲ ಬಾಯಿಗೆ ಬರುತ್ತಿದ್ದವು. ಕಾಡಿನಲ್ಲಿ ಸೀತಮ್ಮ ಅತ್ತಾಗ ಕಣ್ಣೀರು ಬಿದ್ದ ಕಡೆ ಹುಟ್ಟಿದ ಹಣ್ಣು ಇದು ಎನ್ನುತ್ತಿದ್ದೆ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು, ಅದು ಅಮೆರಿಕದ ಹಣ್ಣು, ಪರದೇಶದವರ ಹಡಗಿನಲ್ಲಿ ಬಂದದ್ದು ಎಂದರು. ನಾನು ಓಡಿ ಬಂದು ನಿನಗೆ ಹೇಳಿದೆ. ನೀನು ನಕ್ಕೆ. "ಬಂದ್ರೇನಾಯ್ತಮ್ಮಿ? ನಾನೂ ಹೊಸಕೋಟೆ ಕಡೆಯಿಂದ ಬಂದೋಳೇ. ಇಲ್ಲಿ ಬೇರು ಬಿಟ್ಮೇಲೆ ಯಾರಾದ್ರೂ ನನ್ನ ಹೊರಗಿನೋಳು ಅಂತಾರಾ?"

ಆ ಮರದಲ್ಲಿ ನೀನು ಬಿಸಾಡುತ್ತಿದ್ದದ್ದು ಏನಿತ್ತು? ಎಲೆ ಅರೆದು ಎತ್ತಿನ ಗಾಯದ ಹುಳಕ್ಕೆ ಹಚ್ಚುತ್ತಿದ್ದೆ. ಯಾರಿಗಾದರೂ ತಲೆ ಸುತ್ತಿದರೆ ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೂಗಿಗೆ ಹಿಡಿಯುತ್ತಿದ್ದೆ. ಬೀಜ ಒಣಗಿಸಿ ಕುಟ್ಟಿದ ಪುಡಿ ಹೇನಿಗೆ. ಅದು ಕಣ್ಣಿಗೆ ಬಿದ್ದರೆ ಬೆಂಕಿ. ಅದಕ್ಕೇ ನಮಗೆ ಹಚ್ಚುವ ಮೊದಲು ಹಳೆಯ ಸೀರೆಯ ಪಟ್ಟಿಯನ್ನು ಹುಬ್ಬಿನ ಮೇಲೆ ಬಿಗಿದು ಕಟ್ಟುತ್ತಿದ್ದೆ. ತಲೆ ಹಿಂದಕ್ಕೆ ಬಾಗಿಸಿಯೇ ತೊಳೆಯುತ್ತಿದ್ದೆ.

ಹಲೀಮಾ ಬೀ ನಿನ್ನ ಹಳೆಯ ಗಿರಾಕಿ. ಮಗಳು ಜುಬೇದಾಳ ತಲೆಗೆಂದು ಪುಡಿ ಕೇಳಿದಾಗ ನೀನು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟೆ. "ಪುಡಿ ಕೊಡೋದು ದೊಡ್ಡದಲ್ಲ ಕಣಮ್ಮಿ. ಹುಬ್ಬಿಗೆ ಬಟ್ಟೆ ಕಟ್ಬೇಕು, ತಲೆ ಹಿಂದಕ್ಕೆ ಬಗ್ಗಿಸಿ ತೊಳೀಬೇಕು. ಹೇಳ್ದೆ ಬರ್ಬೇಡ. ಎಲ್ಲಿ, ನಂಗೊಂದ್ಸಲ ಹೇಳು." ನಾನು ಪಾಠ ಒಪ್ಪಿಸುವವಳಂತೆ ಒಪ್ಪಿಸಿದೆ.

ಅವರ ಮನೆಯ ಜಗುಲಿಯಲ್ಲಿ ಜುಬೇದಾಳ ಅಣ್ಣನೂ ಅವನ ಇಬ್ಬರು ಸ್ನೇಹಿತರೂ ಯುದ್ಧದ ಸುದ್ದಿ ಓದುತ್ತಾ ಕೂತಿದ್ದರು. ಮೂವರು ಗಂಡಸರ ಮುಂದೆ ಹೇನಿನ ಮಾತು ಹೇಗೆ ಎತ್ತಲಿ? ಆ ಹುಡುಗಿಯ ಮಾನವೂ ಹೋಗುವುದಿಲ್ಲವೇ? "ಅಜ್ಜಿ ಕೊಟ್ರು, ಅಮ್ಮಂಗೆ ಕೊಡಿ" ಎಂದೆ. ಪೊಟ್ಟಣ ಅಣ್ಣನ ಕೈಗಿಟ್ಟು ತಿರುಗಿ ಬಂದೆ. ಹಲೀಮಾ ಬೀಯನ್ನು ಹೊರಗೆ ಕರೆಯಬಹುದಿತ್ತು. ಒಂದು ಚೀಟಿ ಬರೆದುಕೊಡಬಹುದಿತ್ತು. ಕಾಲೇಜು ಓದುತ್ತಿದ್ದವಳು ನಾನು...

ಮೂರನೆಯ ದಿನ, ನಾನೂ ನಿನ್ನ ಜೊತೆಗಿದ್ದಾಗ, ಹಲೀಮಾ ಬೀ ಮಾರುಕಟ್ಟೆಗೇ ಬಂದರು. "ಏನ್ ಕೊಟ್ಬಿಟ್ರಿ ಅಜ್ಜೀ? ಜುಬೇದಾಗೆ ಕಣ್ಣು ತೆರೆಯೋಕೇ ಆಗ್ತಿಲ್ಲ. ಡಾಕ್ಟ್ರು ನನ್ನ ಬಯ್ದು ಕಳಿಸಿದ್ರು." ಹಣ್ಣಿನ ಸಾಲಿನವರೆಲ್ಲ ನಮ್ಮ ಕಡೆ ತಿರುಗಿದ್ದರು. ನೀನು ನನ್ನನ್ನು ನೋಡಿದೆ. "ಬಟ್ಟೆ ಕಟ್ಟೋದು ಹೇಳಿದ್ನಲ್ಲಮ್ಮಿ ನಿಂಗೆ? ಹೇಳಿದ್ನಲ್ಲ?"

"ನೆನಪಿಲ್ಲ ಅಜ್ಜಿ" ಎಂದೆ.

ಹತ್ತು ಹನ್ನೆರಡು ದಿನಗಳಲ್ಲಿ ಜುಬೇದಾಳ ಕಣ್ಣು ವಾಸಿಯಾಯಿತು. ವಾಸಿಯಾಗದವಳು ನೀನು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅಮ್ಮನನ್ನು ಎರಡೆರಡು ಸಲ ಕೇಳತೊಡಗಿದೆ. ಒಂದೊಂದು ಕೆಲಸಕ್ಕೂ ಸೆರಗಿನ ತುದಿಗೆ ಒಂದೊಂದು ಗಂಟು ಹಾಕಿಕೊಂಡೆ. ಪುಡಿ ಕೇಳಿ ಬಂದವರಿಗೆ, "ನನ್ ತಲೆ ನೆಟ್ಟಗಿಲ್ಲ ಕಣ್ರವ್ವ, ಬ್ಯಾರೆಯೋರನ್ನ ಕೇಳಿ" ಎಂದೆ. "ಅತ್ತೆಗೆ ಅರಳುಮರಳು ಶುರುವಾಯ್ತು" ಎಂದು ಅಮ್ಮ ನಕ್ಕಳು. ಮುಂದಿನ ಹಣ್ಣಿನ ಕಾಲಕ್ಕೆ ನೀನು ಬುಟ್ಟಿ ಹೊರಲಿಲ್ಲ.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ನೀನು ಮತ್ತೆ ಕೇಳಿದೆ: "ಅವತ್ತು ನಾನು ನಿಜವಾಗ್ಲೂ ಹೇಳ್ಲಿಲ್ವೇನಮ್ಮಿ?" ನಿನ್ನ ದನಿಯಲ್ಲಿ ದೂರು ಇರಲಿಲ್ಲ, ತಿಳಿಯಬೇಕೆಂಬ ಆಸೆಯಷ್ಟೇ ಇತ್ತು. ನನ್ನ ತೊಡೆಯ ಮೇಲೆ ಪುಸ್ತಕವಿತ್ತು. ನಾನು ಪುಟ ತಿರುಗಿಸಿದೆ. ಅವತ್ತಾದರೂ ಬಾಯಿ ತೆರೆದಿದ್ದರೆ...

ನಾನು ಬಿ.ಎ. ಪಾಸಾದೆ ಅಜ್ಜಿ. ನಿನಗೆ ಅದು ತಿಳಿಯಲೇ ಇಲ್ಲ. ಹೋದ ವಾರ ಮಾರುಕಟ್ಟೆಯಲ್ಲಿ ಸಿಕ್ಕ ಹಲೀಮಾ ಬೀ ಅದನ್ನು ಕೇಳಿ ಸಂತೋಷಪಟ್ಟು ನನ್ನ ಕೆನ್ನೆ ಸವರಿದರು. ಆಮೇಲೆ ಮೆಲ್ಲಗೆ, "ನಿಮ್ಮ ಅಜ್ಜಿ ಮೇಲೆ ನಮಗೆ ಗುಸ್ಸಾ ಇಲ್ಲ ಬೇಟಿ. ವಯಸ್ಸಾಗಿತ್ತು, ಮರೆತ್ರು ಪಾಪ. ನಾವು ಆವತ್ತೇ ಮಾಫ್ ಮಾಡ್ಬಿಟ್ವಿ" ಎಂದರು. ನೀನು ಮಾಡದ ತಪ್ಪಿಗೆ ನಿನ್ನನ್ನು ಕ್ಷಮಿಸಿದ್ದಾರೆ. ನಾನು ತಲೆಯಾಡಿಸಿ ಬಂದೆ. ಹಾಗೆ ತಲೆಯಾಡಿಸಿದ್ದು ಅವತ್ತಿನಿಂದ ನನ್ನನ್ನು ಮಲಗಲು ಬಿಟ್ಟಿಲ್ಲ.

ನೀನು ಹೇಳಿದ್ದೆ ಅಜ್ಜಿ. ಬಿಡಿಸಿ ಹೇಳಿದ್ದೆ, ನನ್ನಿಂದಲೂ ಹೇಳಿಸಿದ್ದೆ. ನಿನ್ನ ತಲೆ ನೆಟ್ಟಗೇ ಇತ್ತು.

ಅಮ್ಮ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಳೆ. ನಿನ್ನ ಅರಳುಮರಳಿನ ಕಥೆಯನ್ನು ನೆಂಟರಿಗೆ ಈಗಲೂ ಹೇಳುವವಳು ಅವಳು. ಈ ಕಾಗದ ಮಡಿಸಿಟ್ಟು ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ, ಮೊದಲು ಅವಳಿಗೆ ಹೇಳುತ್ತೇನೆ. ಸಂಜೆ ಹಲೀಮಾ ಬೀ ಮನೆಗೆ ಹೋಗುತ್ತೇನೆ. ಜಗುಲಿಯಲ್ಲಿ ಯಾರೇ ಕೂತಿರಲಿ, ಅವರ ಮುಂದೆಯೇ ಹೇಳುತ್ತೇನೆ.